ಉಗುಳಿದ್ದೆಷ್ಟು, ನುಂಗಿದ್ದೆಷ್ಟು

ಥುಪ್ ಎಂದು ಒಂದು ಸಲ ಕೇಳಿಸಿತು. ಕತ್ತಲಲ್ಲಿ ಜುಮ್ವಾ ಉಸಿರು ಬಿಗಿಹಿಡಿದು ಎರಡನೆಯದಕ್ಕೆ ಕಾದಳು. ಗೋಡೆಯ ಆಚೆ, ಅಂಗಳದ ಮೂಲೆಯಲ್ಲಿ, ಅತ್ತೆ ಹಲ್ಲಿನೆಣ್ಣೆಯನ್ನು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಮುಗಿಸಿದ್ದರು. ಮೊದಲ ಸಲ ಉಗುಳಬೇಕಾದದ್ದು ಎಣ್ಣೆಯನ್ನು. ಆಮೇಲೆ ಒಂದು ಗುಟುಕು ನೀರಿನಿಂದ ಬಾಯಿ ತೊಳೆದು ಎರಡನೆಯ ಸಲ. ಇದು ಜುಮ್ವಾಳೇ ಮಾಡಿದ ನಿಯಮ, ಸಂಘದ ಹನ್ನೊಂದು ಮಂದಿ ಹೆಂಗಸರಿಗೆ ಅವಳೇ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ ನಿಯಮ. ಇಪ್ಪತ್ತೊಂಬತ್ತು ರಾತ್ರಿ ಅವಳು ಎರಡೂ ಸದ್ದನ್ನು ಕೇಳಿಸಿಕೊಂಡ ಮೇಲೆಯೇ ಮಗ್ಗುಲು ಬದಲಿಸಿ ನಿದ್ದೆಗೆ ಹೋಗಿದ್ದಳು. ಇದು ಮೂವತ್ತನೆಯದು. ಬಾಗಿಲ ಅಗುಳಿ ಬಿದ್ದ ಸದ್ದಾಯಿತು, ಅತ್ತೆಯ ಮಂಚ ಕಿರುಗುಟ್ಟಿತು, ಎರಡನೆಯ ಥುಪ್ ಬರಲೇ ಇಲ್ಲ. ಹಾಗಾದರೆ ಮಿಕ್ಕದ್ದು ಎಲ್ಲಿ ಹೋಯಿತು? ಹೊಟ್ಟೆಗೆ. ಒಂದು ಚಮಚೆ ಹಲ್ಲಿನೆಣ್ಣೆಯಲ್ಲಿ ಬೇವಿನ ಬೀಜದ ಎಣ್ಣೆ ಎರಡು ಹನಿ, ಉಗುಳಿದ ಮೇಲೆ ಬಾಯಲ್ಲಿ ಉಳಿಯುವುದು ಅದರ ಹತ್ತರಲ್ಲಿ ಒಂದು ಪಾಲು. ಅಷ್ಟು ನುಂಗಿದರೆ ದೊಡ್ಡವರಿಗೆ ಏನೂ ಆಗದು. ಆಗದು ಎಂದು ಪುಸ್ತಕದಲ್ಲಿತ್ತು. ಪುಸ್ತಕ ಬರೆದವರು ಅತ್ತೆಯನ್ನು ನೋಡಿರಲಿಲ್ಲ.

"ರೀ, ಎದ್ದಿದ್ದೀರಾ?"

"ಇಲ್ಲ," ಎಂದ ತೊಯಾ. "ನಿದ್ದೆ ಮಾಡ್ತಾ ಇದ್ದೀನಿ."

"ಅತ್ತೆ ಇವತ್ತು ಒಂದೇ ಸಲ ಉಗುಳಿದ್ರು."

ಗಂಡ ದಿಂಬಿಗೆ ಮುಖ ಒತ್ತಿದ. ದಿನವಿಡೀ ಕಿಲಿಫಿ ಪಟ್ಟಣದ ರಸ್ತೆಗಳಲ್ಲಿ ಟುಕ್‌ಟುಕ್ ಓಡಿಸಿ ಬಂದವನು. "ಜುಮ್ವಾ, ಅತ್ತೆ ಎಷ್ಟು ಸಲ ಉಗುಳಿದ್ರು ಅಂತ ರಾತ್ರಿಯೆಲ್ಲ ಎಣಿಸೋ ಸೊಸೆ ಈ ಕರಾವಳೀಲೆಲ್ಲ ನೀನೊಬ್ಬಳೇ ಕಣೆ. ಮಲ್ಕೊ. ನಾಳೆ ಸಹಿ ಹಾಕಿಬಿಟ್ರೆ ಎಲ್ಲಾ ಮುಗೀತು."

ಮುಗಿಯುವುದಿಲ್ಲ, ಸಹಿ ಹಾಕಿದ ಮೇಲೆಯೇ ಶುರುವಾಗುವುದು, ಎಂದು ಅವಳಿಗೆ ಹೇಳಬೇಕೆನಿಸಿತು. ಅಷ್ಟರಲ್ಲಿ ಅವನು ನಿಜವಾಗಿಯೂ ಗೊರಕೆ ಹೊಡೆಯತೊಡಗಿದ್ದ. ಹಲ್ಲಿನೆಣ್ಣೆ ಸಂಘದ್ದು, ಆದರೆ ಪಾಕ ಅವಳದ್ದು: ತೆಂಗಿನೆಣ್ಣೆ, ಹದವಾಗಿ ಕಾಯಿಸಿದ, ಬಾವೊಬಾಬ್ ಎಂಬ ದೊಡ್ಡಹುಣಸೆಯ ಬೀಜದ ಎಣ್ಣೆ, ಲವಂಗ, ಬೇವಿನ ಬೀಜದ ಎಣ್ಣೆ. ಮೊಂಬಾಸಾದ ಒಬ್ಬ ಅಂಗಡಿಯಾಕೆ ಮುನ್ನೂರು ಸೀಸೆ ಕೇಳಿದ್ದಳು. ಒಂದೇ ಷರತ್ತು: ಹನ್ನೊಂದು ಮಂದಿ ಮೂವತ್ತು ದಿನ ಬಳಸಿ ನೋಡಿದ್ದಾರೆ, ಯಾರ ಬಾಯಿಗೂ ಕೆಡುಕಾಗಿಲ್ಲ ಎಂದು ಓದಿದವರೊಬ್ಬರು ಬರೆದು ಸಹಿ ಮಾಡಿ ಕೊಡಬೇಕು. ಸಂಘದಲ್ಲಿ ರಸಾಯನಶಾಸ್ತ್ರ ಓದಿದವಳೆಂದರೆ ಜುಮ್ವಾ. ಓದಿದವಳು ಎಂದಾಗಲೆಲ್ಲ ಅವಳಿಗೆ ಕಾಲೇಜಿನ ಪ್ರಯೋಗಶಾಲೆ ನೆನಪಾಗುತ್ತಿತ್ತು. ಉಷ್ಣಮಾಪಕ ಕೈಜಾರಿ ಬಿದ್ದು, ಪಾದರಸದ ಗುಂಡುಗಳು ಮೇಜಿನ ಕಾಲುಗಳ ನಡುವೆ ಓಡಿಹೋದಾಗ ಮೇಷ್ಟರು ಬೈದಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿಗಳನ್ನು ತೆರೆಸಿ, "ಈ ಹುಡುಗಿ ಮುಂದೆ ಎಲ್ಲಿ ಕೆಲಸ ಮಾಡಿದರೂ ಅಲ್ಲಿ ಕಿಟಕಿ ದೊಡ್ಡದಿರಲಿ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಹನ್ನೆರಡು ವರ್ಷವಾಗಿತ್ತು, ಆ ತನ್ನ ನಗು ನೆನಪಾದಾಗ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಸೀಸೆಯ ಚೀಟಿಯ ಮೇಲೆ 'ನುಂಗಬಾರದು, ಐದು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು' ಎಂದು ಅವಳು ಬರೆಸಿದಾಗ ಸಂಘದ ಕರೆಂಬೋ ಹಣೆ ಹಣೆ ಚಚ್ಚಿಕೊಂಡಿದ್ದಳು. "ಡಾಕ್ಟ್ರಮ್ಮ, ಇದನ್ನ ಓದಿದವರು ಹಲ್ಲುಜ್ಜಲ್ಲ, ಕೈಮುಗಿದು ವಾಪಸ್ ಇಡ್ತಾರೆ! ಹುಟ್ಟಿದಾಗಿಂದ ಬೇವು ಅಗಿದವರು ನಾವು, ಸತ್ವಾ?" ಎಲೆ ಬೇರೆ, ಕಡ್ಡಿ ಬೇರೆ, ಬೀಜದ ಎಣ್ಣೆ ಬೇರೆ ಎಂದು ಜುಮ್ವಾ ಅಂದು ಅರ್ಧ ಗಂಟೆ ವಿವರಿಸಿದ್ದಳು. ಎಳೆಯ ಮಕ್ಕಳ ಹೊಟ್ಟೆಗೆ ಆ ಎಣ್ಣೆ ಹೋದರೆ ವಾಂತಿಯಾಗುತ್ತದೆ, ಫಿಟ್ಸ್ ಬರಬಹುದು ಎಂದಿದ್ದಳು. ಹೇಳುತ್ತಿದ್ದಾಗ ಅವಳ ಕಣ್ಣೆದುರಿಗೆ ಇದ್ದದ್ದು ಪುಸ್ತಕವಲ್ಲ. ತನ್ನದೇ ಅಡುಗೆಕೋಣೆಯ ನೆಲ, ಅಲ್ಲಿ ಕಾಲು ಚಾಚಿ ಕುಳಿತ ನಾಲ್ಕು ವರ್ಷದ ಮಗಳು, ಮಗಳ ಕೈಯಲ್ಲಿ ಮುಚ್ಚಳ ತೆಗೆದ ಸೀಸೆ. ಮಗು ಕುಡಿದಿರಲಿಲ್ಲ. ಗೊಂಬೆಯ ತಲೆಗೆ ಹಚ್ಚಿತ್ತು. ಆದರೂ ಅಂದು ಸಂಜೆಯವರೆಗೆ ಜುಮ್ವಾ ಐದೈದು ನಿಮಿಷಕ್ಕೊಮ್ಮೆ ಅದರ ಕಣ್ಣರೆಪ್ಪೆ ಎತ್ತಿ ನೋಡಿದ್ದಳು, ಕೊನೆಗೆ ಬೇಸತ್ತ ಮಗು ಅವಳ ಮೂಗನ್ನೇ ಕಚ್ಚಿತ್ತು.

ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲು ಎದ್ದು ಚಹಾಕ್ಕೆ ನೀರಿಟ್ಟಳು. ಅತ್ತೆ ಎದ್ದು ಅಂಗಳದ ಮೂಲೆಗೆ ಹೋಗಿ, ಹಲ್ಲುಜ್ಜುವ ಕಡ್ಡಿಯನ್ನು ದವಡೆಗೆ ಸಿಕ್ಕಿಸಿಕೊಂಡು, ಸಮುದ್ರದ ಕಡೆಯಿಂದ ಬರುವ ಗಾಳಿಗೆ ಮುಖ ಕೊಟ್ಟು ನಿಂತರು. ಉಮಾಝಿ ಟೀಚರಮ್ಮ ಎಂದರೆ ಹತ್ತು ಊರಿಗೆ ಗೊತ್ತು. ನಲವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ, ಅರವತ್ತೇಳರಲ್ಲೂ ಒಂದು ಹಲ್ಲನ್ನೂ ಕಳೆದುಕೊಳ್ಳದವರು. ಶಾಲೆಯ ಗೇಟಿನ ಹತ್ತಿರ ಸಕ್ಕರೆ ಮಿಠಾಯಿ ಮಾರುವವರು ಇವರು ಬರುವ ಹೊತ್ತಿಗೆ ಬುಟ್ಟಿ ಎತ್ತಿಕೊಂಡು ಓಡುತ್ತಿದ್ದರು ಎಂದು ಜನ ಇಂದಿಗೂ ಹೇಳುತ್ತಾರೆ. ಚಹಾದ ಲೋಟ ಕೊಡಲು ಹೋದ ಜುಮ್ವಾ, ಅತ್ತೆ ಉಗುಳಿದ ಜಾಗವನ್ನು ನೋಡಿದಳು. ನೋಡಬಾರದು ಎಂದುಕೊಂಡೇ ನೋಡಿದಳು. ಬಿಳಿಯ ಮರಳಿನ ಮೇಲೆ ಕೆಂಪು. ತಿಳಿಗೆಂಪಲ್ಲ, ಅನುಮಾನಕ್ಕೆ ಜಾಗವೇ ಇಲ್ಲದ ಕೆಂಪು.

"ಅತ್ತೆ! ಅದೇನು, ರಕ್ತಾನಾ?"

ಅತ್ತೆ ಕಾಲಿನಿಂದ ಮರಳನ್ನು ಎಳೆದು ಅದನ್ನು ಮುಚ್ಚಿದರು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, "ವಸಡಿರಬೇಕು," ಎಂದರು. ಒಂದು ಕ್ಷಣ ಬಿಟ್ಟು, ಸೊಸೆಯ ಮುಖ ನೋಡದೆ, "ನಿನ್ನ ಎಣ್ಣೆಯೋ ಏನೋ," ಎಂದೂ ಸೇರಿಸಿದರು.

"ಒಂದು ಸಲ ಬಾಯಿ ತೆಗೀರಿ ಅತ್ತೆ, ನೋಡ್ತೀನಿ."

"ಹಲ್ಲು ಹಿಡಿದು ನೋಡೋಕೆ ನಾನೇನು ಸಂತೇಲಿ ನಿಂತಿರೋ ಕತ್ತೆಯಾ? ಹೋಗು, ಹೊತ್ತಾಯ್ತು."

ಮಗಳು ಎದ್ದು ಬಂದು ಅಜ್ಜಿಯ ಕಾಲು ತಬ್ಬಿಕೊಂಡಿತು. ಮಗುವಿನ ಹೆಸರೂ ಉಮಾಝಿ. ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು ಇಡುವುದು ಇಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ. ಅತ್ತೆಯ ಹೆಸರನ್ನು ಸೊಸೆ ಕೂಗಲಾಗದು. ಹಾಗಾಗಿ ಜುಮ್ವಾ ತನ್ನ ಮಗಳನ್ನು 'ಪುಟ್ಟತ್ತೆ' ಎಂದೇ ಕರೆಯುತ್ತಿದ್ದಳು. ಪುಟ್ಟತ್ತೆಯನ್ನು ಗದರಿಸಿದರೆ ದೊಡ್ಡತ್ತೆ ತಿರುಗಿ ನೋಡುತ್ತಿದ್ದರು, ಅವರನ್ನೇ ಗದರಿಸಿದ ಹಾಗೆ. ಈಗ ಪುಟ್ಟತ್ತೆ ಅಜ್ಜಿಯ ಲೇಸೊ ಬಟ್ಟೆಯ ಅಂಚನ್ನು ಎಳೆದು ಏನೋ ಕೇಳಿತು, ಅಜ್ಜಿ ಬಾಯಿ ತೆರೆಯದೆ ಕಣ್ಣಲ್ಲೇ ಅದನ್ನು ಸುಮ್ಮನಾಗಿಸಿದರು. ಜುಮ್ವಾ ಇದನ್ನೆಲ್ಲ ನೋಡಿದಳು, ಆದರೆ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಆ ದಿನ. ಮುನ್ನೂರು ಸೀಸೆಗೆ ಎಣ್ಣೆ ಬೆರೆಸಿದ ದಿನ. ಬೇವಿನೆಣ್ಣೆಯನ್ನು ಗೆರೆ ನೋಡಿ ಅಳೆದು ದೊಡ್ಡ ಪಾತ್ರೆಗೆ ಸುರಿದಿದ್ದಳು. ಆಗ ಕರೆಂಬೋ ಹೊರಗಿನಿಂದ, "ಡಾಕ್ಟ್ರಮ್ಮ, ಮೇಕೆ ತೆಂಗಿನ ಹಿಂಡಿಗೆ ಬಾಯಿ ಹಾಕ್ತಾ ಇದೆ!" ಎಂದು ಕೂಗಿದ್ದಳು. ಮೇಕೆ ಓಡಿಸಿ ಬಂದ ಮೇಲೆ ಮತ್ತೆ ಅಳೆದಳೇ? ಒಂದು ಸಲ ಸುರಿದದ್ದೋ, ಎರಡು ಸಲವೋ? ಅಂದು ತನ್ನ ಲೆಕ್ಕದ ಪುಸ್ತಕದಲ್ಲಿ ಒಂದು ಸಲ ಎಂದೇ ಬರೆದಿದ್ದಳು. ಬರೆದದ್ದು ಸುರಿಯುವ ಮೊದಲೋ, ಆಮೇಲೋ? ದೊಡ್ಡಹುಣಸೆ ಬೀಜದ ಎಣ್ಣೆಯನ್ನು ಹೇಳಿದಷ್ಟು ಹೊತ್ತು ಕಾಯಿಸಿದ್ದಳು; ಹಸಿಯಾಗಿ ಬಾಯಿಗೆ ಹಾಕುವಂಥದ್ದಲ್ಲ ಅದು. ಆದರೆ ಗಡಿಯಾರ ನೋಡುತ್ತಿದ್ದಾಗಲೇ ಮೇಕೆಯ ಗಲಾಟೆ ಬಂದದ್ದಲ್ಲವೇ? ಒಂದು ಮೇಕೆಯಿಂದ ಹನ್ನೊಂದು ಹೆಂಗಸರ ವಸಡು ಹೋಗಬಹುದೇ? ಯಾರಿಗಾದರೂ ಹೇಳಿದರೆ ನಗುತ್ತಾರೆ. ನಗುವವರ ಬಾಯಿಯೊಳಗೆ ರಕ್ತವಿದ್ದರೆ?

ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಹೊರಟರು, ದಾರಿಯಲ್ಲಿ ಅತ್ತೆ ಮುಂದೆ, ಅವಳು ಹಿಂದೆ. ಎದುರಾದವರೆಲ್ಲ ನಿಂತು ಮನೆಯವರು ಹೇಗಿದ್ದಾರೆ, ನಿದ್ದೆ ಬಂತೇ, ಮಗು ಹೇಗಿದೆ ಎಂದು ಒಂದೊಂದಾಗಿ ಕೇಳುವ ವಾಡಿಕೆ. ಅತ್ತೆ ಪ್ರತಿಯೊಂದಕ್ಕೂ 'ಹ್ಞೂಂ' ಎನ್ನುತ್ತ ತಲೆಯಾಡಿಸಿ ಮುಂದೆ ಹೋದರು. ಬಾವಿಯ ಹತ್ತಿರ ಒಬ್ಬ ಮುದುಕ, "ಟೀಚರಮ್ಮನಿಗೆ ನಮ್ಮ ಮೇಲೆ ಕೋಪವೇನೋ!" ಎಂದ. ಪಾಪ, ಬಾಯಿ ತೆರೆಯಲಾರದಷ್ಟು ನೋವಿದೆ ಎಂದುಕೊಂಡಳು ಜುಮ್ವಾ. ಮದುವೆಯಾಗಿ ಬಂದ ಮೊದಲ ತಿಂಗಳಲ್ಲಿ ಅವಳು ತೆಂಗಿನ ಹಾಲಿನ ಅನ್ನವನ್ನು ತಳ ಹಿಡಿಸಿದಾಗ, ಈ ಅತ್ತೆಯೇ ಆ ಸೀಕಲನ್ನು ಕೆರೆದು ತಿಂದು, ಇದೇ ನನಗಿಷ್ಟ ಎಂದಿದ್ದರು. ಆ ಬಾಯಿಗೆ ತಾನು ಎಂಥದ್ದನ್ನು ಹಾಕಿಸಿದೆ. ಇಡೀ ಬೇಸಿಗೆ ಬೀಜ ಸುಲಿದು ಬೆರಳು ಸಿಗಿದುಕೊಂಡ ಹೆಂಗಸರು, ಚರ್ಚಿನ ಹಿಂದಿನ ತಗಡಿನ ಕೊಠಡಿಯಲ್ಲಿ ಪೆಟ್ಟಿಗೆಗಳಲ್ಲಿ ಒಪ್ಪವಾಗಿ ನಿಂತಿರುವ ಮುನ್ನೂರು ಸೀಸೆ. ಸಹಿ ಹಾಕುವುದಿಲ್ಲ ಎಂದರೆ ಅವೆಲ್ಲ ಮಣ್ಣಿಗೆ. ಸಹಿ ಹಾಕಿದರೆ, ಮೊಂಬಾಸಾದಲ್ಲಿ ಯಾರೋ ಕಾಣದ ಹೆಂಗಸು ಬೆಳಗ್ಗೆ ಎದ್ದು ಕೆಂಪು ಉಗುಳುತ್ತಾಳೆ. ಹಾಕುವುದಿಲ್ಲ ಎಂದು ಅವಳು ದೊಡ್ಡಹುಣಸೆ ಮರದ ಬಳಿ ತೀರ್ಮಾನಿಸಿದಳು. ಗಿರಣಿಯ ಬಳಿ ಬಂದಾಗ ತೀರ್ಮಾನ ಸ್ವಲ್ಪ ಸಡಿಲಾಯಿತು. ಚರ್ಚಿನ ಗೇಟಿನಲ್ಲಿ ಮತ್ತೆ ಬಿಗಿಯಾಯಿತು.

ಸಂಘದ ಅಧ್ಯಕ್ಷೆ ಸಿದಿ ಹಾಜರಿ ಕರೆದಳು. ಮದುವೆಮನೆಗೆ ಬಂದಂತೆ ಎಲ್ಲರೂ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. ಒಬ್ಬೊಬ್ಬರಾಗಿ ಎದ್ದು ತಮ್ಮ ಬಾಯಿಯ ಸಮಾಚಾರ ಹೇಳಬೇಕು, ಜುಮ್ವಾ ಬರೆದುಕೊಳ್ಳಬೇಕು. ಕರೆಂಬೋ ಕರೆಯದೇ ಎದ್ದಳು.

"ನನ್ನದೊಂದು ದೂರಿದೆ, ಬರ್ಕೊಳ್ಳಿ. ಇಪ್ಪತ್ತು ವರ್ಷದಿಂದ ನನ್ನ ಗಂಡ ಗೋಡೆ ಕಡೆ ತಿರುಗಿ ಮಲಗ್ತಿದ್ದ. ಈ ಎಣ್ಣೆ ಶುರು ಮಾಡಿದ ಮೇಲೆ ಈ ಕಡೆ ತಿರುಗಿದಾನೆ. ರಾತ್ರಿಯೆಲ್ಲ ಮಾತು! ಅವನ ತಮ್ಮನ ದೋಣಿ ಕಥೆ, ಅವನ ಮೊಣಕಾಲಿನ ಕಥೆ. ನನಗೆ ನಿದ್ದೆ ಇಲ್ಲ. ಇದಕ್ಕೆ ಯಾರು ಹೊಣೆ?"

ತಗಡಿನ ಮಾಡು ಹಾರಿಹೋಗುವಂತೆ ನಕ್ಕರು. ಇನ್ನೊಬ್ಬಳ ವಸಡಿನ ಊತ ಇಳಿದಿತ್ತು, ಮತ್ತೊಬ್ಬಳ ಹಲ್ಲು ತಣ್ಣೀರಿಗೆ ಜುಮ್ಮೆನ್ನುತ್ತಿರಲಿಲ್ಲ. ಹತ್ತು ಜನ ಒಳ್ಳೆಯದನ್ನೇ ಹೇಳಿದರು. ಜುಮ್ವಾ ಬರೆಯುತ್ತಲೇ ಇದ್ದಳು. ಪ್ರತಿ ಸಾಲಿಗೂ ಅವಳ ಎದೆ ಭಾರವಾಗುತ್ತ ಹೋಯಿತು. ಕೊನೆಗೆ ಸಿದಿ, "ಟೀಚರಮ್ಮ, ನಿಮ್ಮದು?" ಎಂದಳು. ಅತ್ತೆ ಕುಳಿತಲ್ಲಿಂದಲೇ ಕೈಯೆತ್ತಿ ಎಲ್ಲ ಸರಿ ಎಂಬಂತೆ ಬೀಸಿದರು. ಅಲ್ಲಿಗೆ ಮುಗಿಯಬಹುದಿತ್ತು. ಅತ್ತೆ ಅದನ್ನೇ ಬಯಸಿದ್ದರು, ಸಂಘವನ್ನು ಕಾಪಾಡಲು ನೋವು ನುಂಗಿಕೊಂಡು ಸುಮ್ಮನಿದ್ದಾರೆ, ಎಂದು ಜುಮ್ವಾಳಿಗೆ ಅನ್ನಿಸಿ ಕಣ್ಣು ತುಂಬಿ ಬಂತು. ಅವಳು ಎದ್ದು ನಿಂತಳು.

"ಒಬ್ಬರಿಗೆ ಇವತ್ತು ಬೆಳಗ್ಗೆ ಬಾಯಲ್ಲಿ ರಕ್ತ ಬಂದಿದೆ. ನಾನೇ ನೋಡಿದೆ. ಬೆರೆಸುವಾಗ ನನ್ನಿಂದಲೇ ತಪ್ಪಾಗಿರಬಹುದು. ನಾನು ಸಹಿ ಹಾಕೋಕಾಗಲ್ಲ."

ಹಿಂದೆ ಯಾರೋ ಒಂದು ಪೆಟ್ಟಿಗೆಯ ಮೇಲೆ ಒರಗಿದ್ದವಳು ಬೆನ್ನು ನೆಟ್ಟಗೆ ಮಾಡಿದಳು. "ಯಾರಿಗಮ್ಮಾ?" ಎಂದು ಸಿದಿ ಮೆಲ್ಲಗೆ ಕೇಳಿದಳು. ಉತ್ತರ ಬೇಕಿರಲಿಲ್ಲ, ಹತ್ತು ಜನ ಹೇಳಿಯಾಗಿತ್ತು. ಎಲ್ಲರೂ ಟೀಚರಮ್ಮನ ಕಡೆ ತಿರುಗಿದರು. ಟೀಚರಮ್ಮ ಸೊಸೆಯನ್ನು ನೋಡಿದ ನೋಟದಲ್ಲಿ ನೋವಿರಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಪಕ್ಕದವಳು ದೊಡ್ಡ ದನಿಯಲ್ಲಿ ಉತ್ತರ ಹೇಳಿಬಿಟ್ಟಾಗಿನ ನೋಟವಿತ್ತು.

"ಟೀಚರಮ್ಮ, ಬಾಯಿ ತೆಗೀರಿ, ಎಲ್ಲರೂ ನೋಡೋಣ," ಎಂದಳು ಕರೆಂಬೋ. "ನಮ್ಮ ಬಾಯಿಗೂ ಅದನ್ನೇ ಹಾಕಿದೀವಿ."

ಅತ್ತೆ ಬಲವಾಗಿ ತಲೆಯಾಡಿಸಿದರು. ಲೇಸೊವನ್ನು ಮೂಗಿನವರೆಗೆ ಎಳೆದುಕೊಂಡರು. ಆಮೇಲೆ ಜುಮ್ವಾಳ ಮುಂಗೈ ಹಿಡಿದು, ಪಕ್ಕದ ಪಾದ್ರಿಯ ಕೋಣೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಅಗುಳಿ ಇಟ್ಟರು.

ಒಳಗೆ ಮೇಣದ ವಾಸನೆ, ಒಂದು ಕುರ್ಚಿ, ಒಂದು ಕಿಟಕಿ. ಅತ್ತೆ ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಬಾಯಿ ತೆರೆದರು. ಜುಮ್ವಾ ಫೋನಿನ ದೀಪ ಹಚ್ಚಿ ಬಗ್ಗಿದಳು. ಬೆಳಕು ಅಲುಗದಿರಲೆಂದು ಮೊಣಕೈಯನ್ನು ಅತ್ತೆಯ ಭುಜಕ್ಕೆ ಊರಿದಳು. ಹಾಗೆ ಅವರನ್ನು ಮುಟ್ಟಿದ್ದು ಅದೇ ಮೊದಲು. ವಸಡು ಗಟ್ಟಿಯಾಗಿ, ಹೊಳೆಯುತ್ತ, ಇಪ್ಪತ್ತರ ಹುಡುಗಿಯ ವಸಡಿನಂತಿತ್ತು. ಎಲ್ಲೂ ಗಾಯವಿಲ್ಲ, ಊತವಿಲ್ಲ. ನಾಲಿಗೆ ಮಾತ್ರ ತುದಿಯಿಂದ ಬುಡದವರೆಗೆ ಕಡುಗೆಂಪು. ಚೀಲದಿಂದ ಹತ್ತಿಯ ಉಂಡೆ ತೆಗೆದು ಒರೆಸಿದಳು, ಹತ್ತಿ ಕೆಂಪಾಯಿತು. ನಾಲಿಗೆಯ ರೋಗಗಳ ಪಟ್ಟಿ ಅವಳ ತಲೆಯಲ್ಲಿ ಪುಟ ಮಗುಚತೊಡಗಿತು: ಜ್ವರದ ನಾಲಿಗೆ, ರಕ್ತ ಕಡಿಮೆಯಾದ ನಾಲಿಗೆ, ಯಕೃತ್ತು ಕೆಟ್ಟವರ ನಾಲಿಗೆ. ಯಕೃತ್ತಿಗೆ ಬಂದಾಗ ಅವಳು ಇನ್ನಷ್ಟು ಬಗ್ಗಿದಳು. ಆಗ ಮೂಗಿಗೆ ಏಲಕ್ಕಿಯ ವಾಸನೆ ಬಡಿಯಿತು. ಏಲಕ್ಕಿ, ಸಕ್ಕರೆಪಾಕ, ಅದರಡಿಯಲ್ಲಿ ಒಂದು ಹುಳಿ. ಎಡದವಡೆಯ ಎರಡು ಹಲ್ಲುಗಳ ಮಧ್ಯೆ ಒಂದು ಕೆಂಪು ನಾರು ಸಿಕ್ಕಿಕೊಂಡಿತ್ತು. ಅವಳು ಅದನ್ನು ಉಗುರಿನಿಂದ ಎಳೆದು ಬೆಳಕಿಗೆ ಹಿಡಿದಳು. ದೊಡ್ಡಹುಣಸೆ ಬೀಜದ ಮೇಲಿನ ನಾರು. ಆ ಬೀಜವನ್ನು ಅವಳು ಎಣ್ಣೆ ತೆಗೆಯಲು ಕೊಳ್ಳುತ್ತಿದ್ದಳು. ಮಿಕ್ಕ ಊರೆಲ್ಲ ಅದನ್ನು ಸಕ್ಕರೆ ಪಾಕ, ಕೆಂಪು ಬಣ್ಣದಲ್ಲಿ ಹೊರಳಿಸಿ, ಮಬೂಯು ಎಂದು ಪೊಟ್ಟಣ ಕಟ್ಟಿ ಶಾಲೆಯ ಗೇಟಿನಲ್ಲಿ ಮಾರುತ್ತಿತ್ತು. ತಿಂದ ಮಕ್ಕಳ ನಾಲಿಗೆ ಸಂಜೆಯವರೆಗೂ ಕೆಂಪಾಗಿಯೇ ಇರುತ್ತಿತ್ತು. ನಾಲ್ಕು ವರ್ಷದ ಮಗುವಿಗೂ ಗೊತ್ತಿರುವ ಕೆಂಪು ಅದು.

"ಅತ್ತೆ," ಎಂದಳು ಜುಮ್ವಾ. ನಾರನ್ನು ಅವರ ಮುಖದ ಮುಂದೆ ಹಿಡಿದಳು.

ಅತ್ತೆ ಒಂದು ಕಣ್ಣು ತೆರೆದರು. "ಗೊತ್ತಾಯ್ತಾ?"

"ನೀವಾ? ಮಬೂಯು ತಿಂದಿದ್ದು ನೀವಾ?"

"ಮೆಲ್ಲಗೆ ಮಾತಾಡೇ! ಆ ಕರೆಂಬೋ ಕಿವಿ ಬಾಗಿಲಿಗೇ ಅಂಟಿರುತ್ತೆ." ಅತ್ತೆ ಎರಡನೆಯ ಕಣ್ಣನ್ನೂ ತೆರೆದರು. "ಇನ್ನೇನು ಮಾಡ್ಲಿ? ನಿನ್ನ ಎಣ್ಣೆ ಎಷ್ಟು ಕಹಿ ಅಂತ ನಿನಗೇನಾದ್ರೂ ಗೊತ್ತಾ? ಎಂಟು ದಿನ ತಡ್ಕೊಂಡೆ. ಒಂಬತ್ತನೇ ದಿನದಿಂದ, ಬಾಯಿ ತೊಳೆದಾದ ಮೇಲೆ, ಒಂದೇ ಒಂದು. ನಿನ್ನೆ ನೀರು ಹಾಕಿ ತೊಳೆಯೋವರೆಗೂ ತಡೆಯೋಕಾಗಲಿಲ್ಲ. ಒಂದು ಆರಾಯ್ತು. ಬಾಯಲ್ಲಿಟ್ಟುಕೊಂಡೇ ನಿದ್ದೆ ಬಂದುಬಿಡ್ತು."

"ಬೆಳಗ್ಗೆ?"

"ಬೆಳಗ್ಗೆ ಮೀಟಿಂಗು ಅಂತ ಗಾಬರಿ ಆಗಿ ಇನ್ನೊಂದು."

"ಮತ್ತೆ ನನ್ನ ಎಣ್ಣೆ ಅಂದ್ರಲ್ಲ ಅತ್ತೆ! ಬೆಳಗ್ಗೆಯಿಂದ ನಾನು... ನಿಮ್ಮ ಯಕೃತ್ತಿನವರೆಗೂ ಹೋಗಿದ್ದೆ!"

ಅತ್ತೆ ತಲೆ ತಗ್ಗಿಸಿದರು. ನಲವತ್ತು ವರ್ಷ ಬೇರೆಯವರ ತಲೆ ತಗ್ಗಿಸಿದವರಿಗೆ ಅದರ ಅಭ್ಯಾಸವಿರಲಿಲ್ಲ. ತಗ್ಗಿಸಿದ ತಲೆ ಅರ್ಧಕ್ಕೇ ನಿಂತಿತು. "ಬಾಯಿಗೆ ಬಂದಿದ್ದು ಅದೇ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ನೀನು ಸಭೇಲಿ ಎದ್ದು ನಿಂತು ಊರಿಗೆಲ್ಲ ಸಾರ್ತೀಯ ಅಂತ ನನಗೇನು ಗೊತ್ತು? ಸುಳ್ಳೇ ಬರಲ್ಲ ನಿನಗೆ. ಅದೊಂದು ದೊಡ್ಡ ಕಾಯಿಲೆ."

"ಎಲ್ಲಿಂದ ಸಿಕ್ತು ನಿಮಗೆ?"

"ತೊಯಾ ಶನಿವಾರ ಶನಿವಾರ ಮಗೂಗೆ ತರ್ತಾನಲ್ಲ, ಪೊಟ್ಟಣ. ಹಲ್ಲು ಹಾಳಾಗುತ್ತೆ ಅಂತ ನಾನು ಕಿತ್ತಿಡ್ತೀನಲ್ಲ." ಅತ್ತೆಯ ಬೆನ್ನು ನಿಧಾನವಾಗಿ ನೆಟ್ಟಗಾಯಿತು, ಪಾಠದ ದನಿ ಹಿಂದಿರುಗಿತು. "ಅದರಲ್ಲಿ ತಪ್ಪೇನು? ಅವಳ ಹೆಸರೇನು? ಉಮಾಝಿ. ನನ್ನ ಹೆಸರೇನು? ಉಮಾಝಿಗೆ ಅಂತ ತಂದದ್ದು ಉಮಾಝಿಯ ಹೊಟ್ಟೆಗೇ ಸೇರಿದೆ. ಅದನ್ನ ಕಳ್ಳತನ ಅಂತಾರಾ?"

ಜುಮ್ವಾ ಕಿಟಕಿಯ ಕಡೆ ತಿರುಗಿಕೊಂಡಳು. ಅಳು ಬರುತ್ತಿದೆ ಎಂದುಕೊಂಡಳು, ಬಂದದ್ದು ನಗು. ಸೆರಗಿನಂತೆ ಲೇಸೊವನ್ನು ಬಾಯಿಗೆ ತುರುಕಿಕೊಂಡು, ಪಾದ್ರಿಯ ನಿಲುವಂಗಿ ನೇತುಹಾಕಿದ್ದ ಮೊಳೆಗೆ ಹಣೆ ತಾಗುವವರೆಗೆ ಬಗ್ಗಿ ನಕ್ಕಳು. ನಗು ಇಳಿದ ಮೇಲೆ, ಎಂದಿನಂತೆ, ಅದರ ಹಿಂದೆಯೇ ಯೋಚನೆ ಬಂತು. ಹಲ್ಲು ಕಾಪಾಡಲು ಮಾಡಿದ ಎಣ್ಣೆ, ಅದರ ಕಹಿ ತೊಳೆಯಲು ರಾತ್ರಿಯೆಲ್ಲ ಬಾಯಲ್ಲಿ ಸಕ್ಕರೆ. ಅಪಾಯ ಅವಳು ಕಾವಲು ಕಾಯುತ್ತಿದ್ದ ಬಾಗಿಲಲ್ಲಿ ಬಂದಿರಲಿಲ್ಲ. ನುಂಗಿದರೆ ಏನಾದೀತು ಎಂದು ಹೆದರಿ ಹೆದರಿ, ಉಗುಳಿದ ಮೇಲೆ ಏನು ಮಾಡುತ್ತಾರೆ ಎಂದು ಅವಳು ಒಬ್ಬರನ್ನೂ ಕೇಳಿರಲಿಲ್ಲ. ಅವಳ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ.

ಅವಳು ಬಾಗಿಲು ತೆರೆದಾಗ ಕರೆಂಬೋ ಮುಗ್ಗರಿಸಿ ಒಳಕ್ಕೆ ಬೀಳುವಂತಾಗಿ, "ಗಾಳಿಗೆ ನಿಂತಿದ್ದೆ," ಎಂದಳು. ಅವಳ ಪೆಚ್ಚುಮುಖ ನೋಡಿದರೆ ಏನೂ ಕೇಳಿಸಿಕೊಂಡಂತಿರಲಿಲ್ಲ. ಜುಮ್ವಾ ಹೆಂಗಸರ ಎದುರು ನಿಂತು, ಒಂದೊಂದು ಮಾತನ್ನೂ ತಕ್ಕಡಿಯಲ್ಲಿಟ್ಟು ತೂಗಿ ಹೇಳಿದಳು. "ರಕ್ತ ಅಲ್ಲ. ನನ್ನ ಕಣ್ಣು ಮೋಸ ಹೋಯ್ತು. ತಿಂದ ಯಾವುದೋ ಪದಾರ್ಥದ ಬಣ್ಣ. ವಸಡು ಚೆನ್ನಾಗಿದೆ."

"ಉಸ್ಸಪ್ಪಾ!" ಎಂದು ಸಿದಿ ಎದೆ ಮುಟ್ಟಿಕೊಂಡಳು. "ಹಾಗಾದ್ರೆ ಸಹಿ ಹಾಕು ತಾಯಿ."

"ಏನು ತಿಂದ್ರಂತೆ ಟೀಚರಮ್ಮ?" ಎಂದಳು ಕರೆಂಬೋ.

"ಅದು ಬೇಡ. ನಾನು ಬೇರೆ ಒಂದು ಕೇಳ್ತೀನಿ, ನಿಜ ಹೇಳಬೇಕು. ರಾತ್ರಿ ಎಣ್ಣೆ ಉಗುಳಿದ ಮೇಲೆ ಬಾಯಿಗೆ ಏನಾದ್ರೂ ಹಾಕ್ಕೊಳ್ತಿದ್ರಾ? ಯಾರು ಯಾರು?"

ಒಬ್ಬಳು ತನ್ನ ಬಳೆ ನೋಡಿಕೊಂಡಳು. ಸಿದಿ ಹಾಜರಿ ಪುಸ್ತಕವನ್ನು ತೆರೆದು ಮುಚ್ಚಿದಳು. ಆಮೇಲೆ ಅಧ್ಯಕ್ಷೆಯ ಕೈ, ಬೆರಳು ಬೆರಳಾಗಿ, ಮೇಲೆದ್ದಿತು. "ಖರ್ಜೂರ. ಎರಡೇ ಎರಡು." ಅದನ್ನು ನೋಡಿ ಇನ್ನೊಂದು ಕೈ: "ನನ್ನದು ಚಹಾ. ಮೂರು ಚಮಚೆ ಸಕ್ಕರೆ." ಬಾಳೆಹಣ್ಣು. ಕಬ್ಬಿನ ತುಂಡು. ಬೆಳಗಿನ ತಿಂಡಿಗೆಂದು ಮುಚ್ಚಿಟ್ಟ ಕರಿದ ಸಿಹಿರೊಟ್ಟಿ, ಮಹಮ್ರಿ. ಕರೆಂಬೋ ಕೊನೆಯವಳಾಗಿ, "ನನ್ನ ಗಂಡ ಜೇನು ತಂದುಕೊಡ್ತಿದ್ದ," ಎಂದಳು. "ಮಾತು ಕೇಳೋಕೆ ನಾನು ಎಚ್ಚರ ಇರಲಿ ಅಂತ." ಹತ್ತು ಕೈಗಳು. ನಗು ತಡೆಯಲಾರದೆ ಅವರು ಒಬ್ಬರ ಮೇಲೊಬ್ಬರು ಬಿದ್ದರು. ಅತ್ತೆಯ ಕೈ ಮಾತ್ರ ಮಡಿಲಲ್ಲೇ ಇತ್ತು. ಅವರು ತುಟಿ ಬಿಗಿದು, ಹುಬ್ಬೆತ್ತಿ, ಹತ್ತು ಮಂದಿಯ ಮೇಲೂ ಒಂದೊಂದಾಗಿ ಕಣ್ಣು ಹಾಯಿಸಿದರು. ಶಾಲೆಯ ಗೇಟಿನಲ್ಲಿ ಮಕ್ಕಳ ಮುಷ್ಟಿ ಬಿಡಿಸುವಾಗಿನ ಅದೇ ನೋಟ. ಅವರಲ್ಲಿ ಆರು ಮಂದಿ ಅವರ ಹಳೆಯ ವಿದ್ಯಾರ್ಥಿನಿಯರು. ಆರೂ ಮಂದಿ ನಗು ನಿಲ್ಲಿಸಿ ನೆಲ ನೋಡಿದರು.

"ಕಹಿ ಹೆಚ್ಚಾಗಿದೆ, ತಪ್ಪು ನನ್ನದೇ," ಎಂದಳು ಜುಮ್ವಾ. ದನಿ ತನಗೇ ಅಚ್ಚರಿಯಾಗುವಷ್ಟು ಸಲೀಸಾಗಿತ್ತು. "ಎಣ್ಣೆಯ ಕಹಿಗೆ ಸಕ್ಕರೆ ತಿಂದರೆ ಹಲ್ಲಿಗೇನು ಬಂತು? ಬೇವಿನೆಣ್ಣೆ ಅರ್ಧಕ್ಕೆ ಇಳಿಸೋಣ. ತೆಂಗಿನೆಣ್ಣೆ, ಕಾಯಿಸಿದ ಬೀಜದೆಣ್ಣೆ ಎರಡೂ ಬೆರೆಸಿ ಈ ಎಣ್ಣೆಗೆ ಇದರಷ್ಟೇ ಸೇರಿಸಿದರೆ ಮುನ್ನೂರು ಸೀಸೆ ಆರುನೂರಾಗುತ್ತೆ. ಮತ್ತೆ ಮೂವತ್ತು ದಿನ ನೋಡೋಣ. ಉಗುಳಿದ ಮೇಲೆ ನೀರು ಬಿಟ್ಟು ಏನೂ ಇಲ್ಲ. ಆಮೇಲೆ ಸಹಿ ಹಾಕ್ತೀನಿ. ಚೀಟಿ ಮೇಲೆ ಬರೆದದ್ದು ಹಾಗೇ ಇರುತ್ತೆ, ಅದನ್ನ ಮುಟ್ಟಬೇಡಿ."

ಆರುನೂರು ಎಂಬ ಮಾತು ಕೇಳಿದ ಮೇಲೆ ಚೀಟಿಯ ಬಗ್ಗೆ ಯಾರೂ ಜಗಳ ತೆಗೆಯಲಿಲ್ಲ. ಸಿದಿ ಹೊರಗೆ ಹೋಗಿ ಮೊಂಬಾಸಾಕ್ಕೆ ಫೋನು ಹಚ್ಚಿ ಗಟ್ಟಿಯಾಗಿ ಮಾತಾಡಿ ಬಂದಳು. "ಕಾಯ್ತಾಳಂತೆ. ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡೋರು ಎಲ್ಲಿ ಸಿಕ್ತಾರೆ ಅಂದ್ಲು. ನಾನು, ನಮ್ಮ ಡಾಕ್ಟ್ರಮ್ಮನ್ನ ನೀವು ನೋಡಿಲ್ಲ ಅಂದೆ."

ಹಿಂದಿರುಗುವಾಗ ಬಿಸಿಲೇರಿತ್ತು. ಈ ಸಲ ಅತ್ತೆ ಸೊಸೆ ಅಕ್ಕಪಕ್ಕ ನಡೆದರು. ಗಿರಣಿ ದಾಟಿ, ಜನರಿಲ್ಲದ ಗೋಡಂಬಿ ತೋಪಿನ ನೆರಳಿಗೆ ಬಂದಾಗ ಅತ್ತೆ ನಿಂತು, ಸೊಂಟದ ಗಂಟು ಬಿಚ್ಚಿ, ಮುದುಡಿದ ಒಂದು ಚಿಕ್ಕ ಪೊಟ್ಟಣ ತೆಗೆದರು. ತಳದಲ್ಲಿ ಎರಡು ಬೀಜ ಉಳಿದಿದ್ದವು.

"ನಾಳೆಯಿಂದ ನಿಜವಾಗ್ಲೂ ಇಲ್ಲ," ಎಂದರು. "ಇದನ್ನ ಮನೆಗೆ ತಗೊಂಡು ಹೋದ್ರೆ ಮತ್ತೆ ನನಗೆ ಮನಸ್ಸಾಗುತ್ತೆ. ಎಸೆಯೋದು ಪಾಪ. ತಗೋ, ಒಂದು ನೀನು ತಿನ್ನು."

ಜುಮ್ವಾ ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಯಾವ ಬಣ್ಣ ಬಳಸಿದ್ದಾರೋ, ಯಾರ ಕೈಯಿಂದ ಹೊರಳಿಸಿದ್ದಾರೋ, ಪಾಕ ಕಾಯಿಸಿದ ಪಾತ್ರೆ ಯಾವುದೋ. ಪೊಟ್ಟಣದ ಮೇಲೆ ಒಂದಕ್ಷರವೂ ಇರಲಿಲ್ಲ. ಅವಳು ಅದನ್ನು ಬಾಯಿಗೆ ಹಾಕಿಕೊಂಡಳು. ಸಿಹಿ ಮೊದಲು, ಆಮೇಲೆ ಮೆಲ್ಲಗೆ ಹುಳಿ. ಎರಡೂ ಕೆನ್ನೆಗಳು ಒಳಕ್ಕೆ ಎಳೆದುಕೊಂಡವು. ಎಷ್ಟು ವರ್ಷವಾಗಿತ್ತು. ಶಾಲೆಯಲ್ಲಿ ತಿಂದು, ಮನೆಗೆ ಹೋಗುವ ಮೊದಲು ನಾಲಿಗೆಯನ್ನು ಮರಳಿನಿಂದ ಉಜ್ಜಿಕೊಂಡಿದ್ದ ಹುಡುಗಿ ಎಲ್ಲಿ ಹೋಗಿದ್ದಳೋ, ಈಗ ಗೋಡಂಬಿ ಮರಗಳ ನಡುವಿಂದ ಸೀದಾ ನಡೆದು ಬಂದು ಅವಳ ಒಳಗೆ ಕುಳಿತಳು. ಅತ್ತೆ ಬೀಜವನ್ನು ಬಲಕೆನ್ನೆಯಿಂದ ಎಡಕೆನ್ನೆಗೆ ದಾಟಿಸುತ್ತ, ಕಣ್ಣು ಅರ್ಧ ಮುಚ್ಚಿ, ನಡೆಯುತ್ತಿದ್ದರು.

ಹಿಂದಿನಿಂದ ಟುಕ್‌ಟುಕ್ ಬಂದು ಪಕ್ಕಕ್ಕೆ ನಿಂತಿತು. ತೊಯಾ ತಲೆ ಹೊರಹಾಕಿದ. "ಏನಾಯ್ತು ಮೀಟಿಂಗು? ಸಹಿ ಹಾಕಿದ್ಯಾ? ಅಮ್ಮ, ನಿನ್ನೆ ಒಂದೇ ಸಲ ಉಗುಳಿದ್ಯಂತಲ್ಲ?"

ಅತ್ತೆ 'ಹ್ಞೂಂ' ಎಂದರು. ಜುಮ್ವಾ ತಾನೂ 'ಹ್ಞೂಂ' ಎಂದಳು.

"ಇಬ್ಬರಿಗೂ ಏನಾಗಿದೆ? ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೀರಾ?"

ಅವನಿಗೆ ಹೇಳಿದರೆ ಸಂಜೆಯೊಳಗೆ ಕಿಲಿಫಿಯ ಟುಕ್‌ಟುಕ್ ನಿಲ್ದಾಣಕ್ಕೆಲ್ಲ ಗೊತ್ತಾಗುತ್ತದೆ. ಸಿದಿಗೆ ಹೇಳಿದರೆ ಕರೆಂಬೋಗೆ, ಕರೆಂಬೋಗೆ ಹೇಳಿದರೆ ಅವಳ ಗಂಡನಿಗೆ, ಅಲ್ಲಿಂದ ಅವನ ತಮ್ಮನ ದೋಣಿಗೆ. ಅತ್ತೆ ಮುಂದಿನ ಸೀಟನ್ನು ಹಿಡಿದು ಹತ್ತಿ ಕುಳಿತು, ಕಿಟಕಿಯಿಲ್ಲದ ಬದಿಯಿಂದ ಹೊರಗೆ ನೋಡುತ್ತ, ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದರು. ಜುಮ್ವಾ ಆ ಕೈ ಹಿಡಿದು ಹತ್ತಿದಳು. ಯಾರಿಗೂ ಹೇಳುವುದಿಲ್ಲ, ಎಂದು ಅವಳು ತೀರ್ಮಾನಿಸಿದಳು. ಬೆಳಗಿನಿಂದ ಅವಳು ಮಾಡಿದ ತೀರ್ಮಾನಗಳಲ್ಲಿ ಮುಂದಿನ ತಿರುವಿನವರೆಗೂ, ಅದರ ಮುಂದಿನ ತಿರುವಿನವರೆಗೂ ಅಲುಗಾಡದೆ ಉಳಿದದ್ದು ಅದೊಂದೇ.